ಬ್ರೇಕಿಂಗ್ ನ್ಯೂಸ್‌ಗೆ ನಮ್ಮ ಹಾಲ್ ಕೂಡ ಮಿನುಗಬೇಕೆ?

ಮಾನ್ಯ ಸಂಪಾದಕರೇ,

ನಾನು ಶಿವಮೊಗ್ಗದ ಒಬ್ಬ ನಿವೃತ್ತ ಬ್ಯಾಂಕ್ ನೌಕರ. ಆದರೆ ಊರಿನ ಹವ್ಯಾಸಿ ನಾಟಕದವರಿಗೆ ನಾನು ಇವತ್ತಿಗೂ ‘ಲೈಟಿಂಗ್‌ನವರು’. 22 ವರ್ಷ ಅದೇ ಕೆಲಸ ಮಾಡಿದ್ದೇನೆ. ಶುರುವಿನಲ್ಲಿ ನಮ್ಮ ಹತ್ತಿರ ಇದ್ದದ್ದು ಉಪ್ಪುನೀರಿನ ಡಿಮ್ಮರ್. ಪಿಂಗಾಣಿ ಪೈಪಿನಲ್ಲಿ ಉಪ್ಪುನೀರು, ತಳದಲ್ಲಿ ಒಂದು ತಗಡು, ಮೇಲಿಂದ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು ತಗಡು. ಎರಡೂ ಹತ್ತಿರ ಬಂದಷ್ಟೂ ರಂಗದ ಮೇಲೆ ಬೆಳಕು ಏರುತ್ತಿತ್ತು. ನಾಟಕ ಮುಗಿಯುವ ಹೊತ್ತಿಗೆ ನೀರು ಕುದಿಯುತ್ತಿತ್ತು. (ದಯವಿಟ್ಟು ಯಾರೂ ಮನೆಯಲ್ಲಿ ಮಾಡಲು ಹೋಗಬೇಡಿ. ನಾವು ಬದುಕಿ ಉಳಿದದ್ದೇ ಹೆಚ್ಚು.)

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನೆದರ್‌ಲ್ಯಾಂಡ್ಸ್‌ನಲ್ಲಿರುವ ನನ್ನ ಮಗ ಕಳೆದ ರಜೆಗೆ ಬಂದಾಗ ಬಣ್ಣ ಬದಲಿಸುವ ಸ್ಮಾರ್ಟ್ ಬಲ್ಬ್‌ಗಳನ್ನೂ ಒಂದು ಪುಟ್ಟ ಕಪ್ಪು ಡಬ್ಬಿಯನ್ನೂ ತಂದ. ಅಲ್ಲಿನ ಬಲ್ಬ್ ತಿರುಪಿನವು, ನಮ್ಮ ಹೋಲ್ಡರ್ ಪಿನ್ನಿನವು. ಗಾಂಧಿ ಬಜಾರಿನಿಂದ ಕನ್ವರ್ಟರ್ ತಂದು ಸಿಕ್ಕಿಸಿದೆ. ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲ್ ನಡುವೆ ಆ ಡಬ್ಬಿ ಕೂರುತ್ತದೆ. ಪರದೆಯ ಯಾವ ಮೂಲೆಯಲ್ಲಿ ಯಾವ ಬಣ್ಣ ಇದೆ ಎಂದು ನೋಡಿ, ವೈರ್ ಇಲ್ಲದೆಯೇ ಸೆಕೆಂಡಿಗೆ 25 ಸಲದವರೆಗೂ ಬಲ್ಬ್‌ಗಳಿಗೆ ಹೇಳಿ ಕಳಿಸುತ್ತದೆ. ಕ್ರಿಕೆಟ್ ಹಾಕಿದರೆ ಹಾಲ್ ತುಂಬಾ ಹಸಿರು, ಗದ್ದೆಯಲ್ಲಿ ಕೂತ ಹಾಗೆ.

ನನಗಂತೂ ಹುಚ್ಚೇ ಹಿಡಿಯಿತು. ಹಾಡಿಗೆ ಹೊಂದಿಸಿ ನೋಡಿದೆ. ಮೃದಂಗದ ತನಿ ಆವರ್ತನಕ್ಕೆ ಬಲ್ಬ್‌ಗಳು ಕುಣಿಯುತ್ತವೆ, ಆಲಾಪಕ್ಕೆ ಏನು ಮಾಡಬೇಕೋ ತಿಳಿಯದೆ ಸುಮ್ನೆ ಕೂರುತ್ತವೆ. ಬ್ಲೂಟೂತ್ ಸ್ಪೀಕರ್ ಹಾಕಿದ ದಿನ ಇನ್ನೊಂದು ತಮಾಷೆ. ದನಿ ಒಂದು ಚೂರು ತಡವಾಗಿ ಬರುತ್ತಿತ್ತು. ಮಿಂಚು ಮೊದಲು, ಗುಡುಗು ಆಮೇಲೆ. ಸ್ಪೀಕರಿಗೆ ವೈರ್ ಹಾಕಿದ ಮೇಲೆ ಸರಿಹೋಯಿತು.

ತೊಂದರೆ ಶುರುವಾದದ್ದು ವಾರ್ತೆ ಹಾಕಿದಾಗ.

ನಮ್ಮ ಕನ್ನಡ ಸುದ್ದಿವಾಹಿನಿಗಳ ಪರದೆ ಹೇಗಿರುತ್ತದೆ ನಿಮಗೇ ಗೊತ್ತು. ಕೆಂಪು ಪಟ್ಟಿ, ಹಳದಿ ಅಕ್ಷರ, ಧಡಾರ್ ಎಂದು ಒಂದು ಸದ್ದು, ಆಮೇಲೆ ಇಡೀ ಪರದೆ ಬೆಳ್ಳಗೆ ಮಿನುಗು. ಇಷ್ಟು ವರ್ಷ ನೋಡಿ ಕಣ್ಣಿಗೆ ರೂಢಿಯಾಗಿತ್ತು. ಅದೇ ಮಿನುಗು ನಾಲ್ಕೂ ಗೋಡೆಗೆ ಹಬ್ಬಿದಾಗ ಗೊತ್ತಾಯಿತು, ನಾವು ದಿನಾ ಏನನ್ನು ನೋಡುತ್ತಾ ಕೂತಿದ್ದೇವೆ ಅಂತ. ಯಾವುದೋ ಊರಿನ ಚರಂಡಿ ಸುದ್ದಿಗೆ ನಮ್ಮ ಹಾಲಿಗೆ ಬೆಂಕಿ ಬಿದ್ದ ಹಾಗೆ! ಒಂದು ವಾಹಿನಿಯನ್ನು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ಎಣಿಸಿದೆ. ಸೆಕೆಂಡಿಗೆ ಐದು ಸಲ. ನನ್ನ ಇಡೀ ಲೈಟಿಂಗ್ ಬದುಕಿನಲ್ಲಿ ಯುದ್ಧದ ದೃಶ್ಯಕ್ಕೂ ನಾನು ಅಷ್ಟು ಹೊಡೆದಿರಲಿಲ್ಲ.

ಆ ದಿನ ಮನೆಯಲ್ಲಿ ನನ್ನ ತಂಗಿಯ ಮಗಳಿದ್ದಳು. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು, ಮುಖ ತಿರುಗಿಸಿ, “ಮಾವಾ, ಇದನ್ನ ಆರಿಸಿ ಮೊದಲು” ಅಂದಳು. ಡಾಕ್ಟರು ಅವಳಿಗೆ ಹಾಗೆ ಹೇಳಿಕೊಟ್ಟಿದ್ದಾರಂತೆ. ಏನೂ ಆಗಲಿಲ್ಲ, ಪುಣ್ಯ. ನನ್ನ ಕೈ ಮಾತ್ರ ನಡುಗುತ್ತಿತ್ತು. ಮೊಬೈಲಿನಲ್ಲಿ ಆ ಬಟನ್ ಎಲ್ಲಿದೆ ಎಂದು ಹುಡುಕಲಾಗದೆ ಕೊನೆಗೆ ಮೇನ್ ಸ್ವಿಚ್ಚನ್ನೇ ಆರಿಸಿದೆ.

ಫಿಟ್ಸ್ ಇರುವ ನೂರು ಜನರಲ್ಲಿ ಸುಮಾರು ಮೂವರಿಗೆ ಮಾತ್ರ ಮಿನುಗುವ ಬೆಳಕಿನಿಂದ ತೊಂದರೆ. ಅದರಲ್ಲಿ ಮಕ್ಕಳು, ಹದಿಹರೆಯದವರೇ ಜಾಸ್ತಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು, ನೀಲಿ ಬಣ್ಣ ಪಟಪಟನೆ ಮಿನುಗಿ 600ಕ್ಕೂ ಹೆಚ್ಚು ಜನರನ್ನು, ಬಹುಪಾಲು ಮಕ್ಕಳನ್ನೇ, ಆಸ್ಪತ್ರೆಗೆ ಒಯ್ಯಬೇಕಾಯಿತು. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ ಇದಕ್ಕೆ ಅಳತೆಯನ್ನೇ ಇಟ್ಟಿದೆ. ಪರದೆಯ ಕಾಲು ಭಾಗಕ್ಕಿಂತ ದೊಡ್ಡ ಜಾಗ ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಮಿನುಗಿದರೆ ಅದು ಅಪಾಯ. ಕಡುಗೆಂಪಿನ ಬಗ್ಗೆ ಇನ್ನೂ ಬಿಗಿ.

ಟಿವಿ ನೋಡುವಾಗ ಕೋಣೆಯಲ್ಲಿ ದೀಪ ಇರಲಿ ಎಂದು ಹಿರಿಯರು ಹೇಳುತ್ತಿದ್ದರಲ್ವಾ? ಸರಿಯಾದ ಮಾತೇ. ಸುತ್ತ ಬೆಳಕಿದ್ದರೆ ಪರದೆಯ ಮಿನುಗು ಅಷ್ಟು ಚುಚ್ಚುವುದಿಲ್ಲ. ಆದರೆ ಆ ದೀಪವೇ ಪರದೆ ಜೊತೆ ಮಿನುಗಿದರೆ? 43 ಇಂಚಿನ ಟಿವಿ ಗೋಡೆಯಷ್ಟಾಗುತ್ತದೆ.

ಬಲ್ಬ್‌ನದೇನೂ ತಪ್ಪಿಲ್ಲ, ಅದು ಕನ್ನಡಿ ಇದ್ದ ಹಾಗೆ. ವೇಗ ಕಡಿಮೆ ಮಾಡುವ ಆಯ್ಕೆ ಆ್ಯಪ್‌ನಲ್ಲೇ ಇದೆ, ನಾನೇ ನೋಡಿರಲಿಲ್ಲ. ಈಗ ಇಂಥ ದೀಪಗಳು ಇಲ್ಲೂ ಆನ್‌ಲೈನಿನಲ್ಲಿ ಸಿಗುತ್ತವೆ. ಮಾರುವವರು ಡಬ್ಬದ ಮೇಲೆ ಕನ್ನಡದಲ್ಲಿ ಒಂದು ಸಾಲು ಹಾಕಲಿ: ಮನೆಯಲ್ಲಿ ಫಿಟ್ಸ್ ಇರುವವರಿದ್ದರೆ ನಿಧಾನದ ಆಯ್ಕೆ ಇಟ್ಟುಕೊಳ್ಳಿ ಅಂತ. ಸುದ್ದಿವಾಹಿನಿಯವರಿಗೆ ಇನ್ನೂ ಸುಲಭ. ಆ ಬಿಳಿ ಫ್ಲ್ಯಾಷ್ ತೆಗೆದುಬಿಡಿ. ಸುದ್ದಿಯಲ್ಲಿ ಹುರುಳಿದ್ದರೆ ನಾವು ಹೇಗೂ ನೋಡುತ್ತೇವೆ.

ಸದ್ಯಕ್ಕೆ ನಮ್ಮ ಮನೆಯಲ್ಲಿ ಕ್ರಿಕೆಟ್‌ಗೆ, ಹಾಡಿಗೆ ಬಣ್ಣ. ರಾತ್ರಿ ಒಂಬತ್ತರ ವಾರ್ತೆಗೆ ಹಳೇ ಟ್ಯೂಬ್‌ಲೈಟ್.

— ಹಳೇ ಲೈಟಿಂಗ್‌ನವ,
ವಿನೋಬನಗರ, ಶಿವಮೊಗ್ಗ