ಷೇರಿನ ಹೆಸರಿನ ಪಕ್ಕ ಐಸಿನ್ ನಂಬರನ್ನೂ ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ವಾಣಿಜ್ಯ ಪುಟವನ್ನು ದಿನಾ ಓದುವವನು ನಾನು. ಒಂದು ಸಣ್ಣ ಬೇಡಿಕೆ ಇದೆ. ಕಂಪನಿ ಸುದ್ದಿ ಬರೆಯುವಾಗ, ಷೇರು ಪತ್ರ ಕಳೆದುಹೋಗಿದೆ ಅಂತ ಪ್ರಕಟಣೆ ಹಾಕುವಾಗ, ಹೆಸರಿನ ಜೊತೆಗೆ ಆ ಷೇರಿನ ಐಸಿನ್ ನಂಬರನ್ನೂ (ಪ್ರತಿ ಷೇರಿಗೂ ಕೊಟ್ಟಿರುವ ಗುರುತಿನ ಸಂಖ್ಯೆ) ಕೊಡಿ.

ಹೋದ ತಿಂಗಳು ಮಂಡ್ಯದಿಂದ ನಮ್ಮ ಭಾವ ಬಂದಿದ್ದರು. ನಿವೃತ್ತ ಮೇಷ್ಟ್ರು. ಮೈಸೂರಿನಲ್ಲೇ ಇರುವ ಮಗಳ ಹೆಸರಿಗೆ ಒಂದಿಷ್ಟು ಇನ್ಫೊಸಿಸ್ ಷೇರು ವರ್ಗಾಯಿಸಬೇಕಿತ್ತು. ಷೇರು ಇಡುವ ಡಿಮ್ಯಾಟ್ ಖಾತೆಯ ಸ್ಲಿಪ್ ಬುಕ್ ತೆಗೆದು, ಕನ್ನಡಕ ಏರಿಸಿ, ಕಾಪಿ ಬರೆಯುವ ಹಾಗೆ ದುಂಡಗೆ ಐಸಿನ್ ತುಂಬಿಸಿದರು. ಬ್ರೋಕರ್ ಆಫೀಸಿಗೆ ಹೋದೆವು. ಕೌಂಟರಿನ ಹುಡುಗಿ ಟೈಪ್ ಮಾಡಿ, 'ಸಾರ್, ಈ ನಂಬರ್ ತಗೊಳ್ತಾ ಇಲ್ಲ' ಅಂದಳು. ನೋಡಿದರೆ ಕೊನೆಯಲ್ಲಿ 21 ಇರಬೇಕಾದ ಕಡೆ ಭಾವ 12 ಬರೆದಿದ್ದಾರೆ! 'ಅದಕ್ಕೆ ಹೆಂಗಮ್ಮ ಗೊತ್ತಾಯ್ತು?' ಅಂತ ಅವರು ಕೇಳಿದರು. ಅವಳಿಗೂ ಗೊತ್ತಿರಲಿಲ್ಲ.

ರಾತ್ರಿ ಕ್ಯಾಲೆಂಡರ್ ಹಾಳೆಯ ಹಿಂದೆ ಇಬ್ಬರೂ ಲೆಕ್ಕ ಹಾಕಿದೆವು. ಇನ್ಫೊಸಿಸ್ ಷೇರಿನ ನಂಬರ್ ಐಎನ್‌ಇ009ಎ01021. ಐಎನ್ ಅಂದರೆ ಭಾರತ, ಇ ಅಂದರೆ ಕಂಪನಿ (ಮ್ಯೂಚುವಲ್ ಫಂಡ್ ಆಗಿದ್ದರೆ ಎಫ್ ಇರುತ್ತಿತ್ತು), 009ಎ ಇನ್ಫೊಸಿಸ್‌ಗೇ ಕೊಟ್ಟಿದ್ದು, 01 ಮಾಮೂಲಿ ಷೇರು, 02 ಅದರ ಸರದಿ. ಕೊನೆಯ 1 ಕಾವಲುಗಾರ. ಎ ಅಕ್ಷರಕ್ಕೆ 10, ಬಿಗೆ 11, ಹೀಗೆ ಬೆಲೆ ಕಟ್ಟಿದರೆ ಐ 18, ಎನ್ 23, ಇ 14. ಎಲ್ಲ ಅಂಕಿಯನ್ನೂ ಬಿಡಿಯಾಗಿ ಸಾಲಾಗಿ ಬರೆದು, ಕಾವಲುಗಾರನನ್ನು ಬಿಟ್ಟು, ಬಲಗಡೆಯಿಂದ ಒಂದನ್ನು ಎರಡರಷ್ಟು ಮಾಡಬೇಕು, ಇನ್ನೊಂದನ್ನು ಹಾಗೇ ಬಿಡಬೇಕು. ಎರಡರಷ್ಟು ಮಾಡಿದ್ದು 18 ಆದರೆ 1 ಮತ್ತು 8 ಕೂಡಿ 9 ಅನ್ನಬೇಕು. ಒಟ್ಟು 39 ಬಂತು. ಕಾವಲುಗಾರನನ್ನೂ ಸೇರಿಸಿದರೆ ಮೊತ್ತ ಹತ್ತರ ಮಗ್ಗಿಯಲ್ಲಿ ಬರಬೇಕು. 40ಕ್ಕೆ ಒಂದು ಕಡಿಮೆ, ಅದೇ ಆ ಕೊನೆಯ 1. ಭಾವ ಬರೆದಿದ್ದನ್ನು ಕೂಡಿದರೆ 37, ಕೊನೆಗೆ 3 ಬೇಕಿತ್ತು, ಇದ್ದಿದ್ದು 2. ಸಿಕ್ಕಿಬಿದ್ದರು. 'ನಲವತ್ತು ವರ್ಷ ಮಗ್ಗಿ ಹೇಳಿಕೊಟ್ಟು ಈಗ ನಾನೇ ಫೇಲ್' ಅಂತ ನಕ್ಕರು.

ಹೆಸರಿಗೆ ಇಂಥ ಕಾವಲು ಇಲ್ಲ, ಅಲ್ವಾ? ನಮ್ಮ ಪತ್ರಿಕೆಗಳಲ್ಲಂತೂ ಒಂದೇ ಕಂಪನಿಯನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಜಾಗ ಸಾಲದಿದ್ದರೆ ಬಾಲ ಕತ್ತರಿಸುತ್ತಾರೆ. ಹೆಸರು ಬದಲಾಗುವುದೂ ಉಂಟು. 2011ರಲ್ಲಿ ಇನ್ಫೊಸಿಸ್ ತನ್ನ ಹೆಸರಿನಿಂದ 'ಟೆಕ್ನಾಲಜೀಸ್' ಬಿಟ್ಟಿತು, ಐಸಿನ್ ಮಾತ್ರ ಅದೇ ಉಳಿಯಿತು. 2025ರಲ್ಲಿ ಟಾಟಾ ಮೋಟಾರ್ಸ್ ಇಬ್ಭಾಗವಾದಾಗ ಇನ್ನೂ ತಮಾಷೆ. ಹಳೇ ಕಂಪನಿ ಪ್ಯಾಸೆಂಜರ್ ವೆಹಿಕಲ್ಸ್ ಅಂತ ಹೆಸರು ಸೇರಿಸಿಕೊಂಡಿತು, ಲಾರಿ ಬಸ್ಸಿನ ಹೊಸ ಕಂಪನಿಗೆ ಟಾಟಾ ಮೋಟಾರ್ಸ್ ಅನ್ನೋ ಹೆಸರು ಹೋಯಿತು. ಇಂಥಾ ಹೊತ್ತಲ್ಲಿ ಬರೀ ಹೆಸರು ನೋಡಿ ಏನು ತಿಳಿಯಬೇಕು?

ನಮ್ಮ ಹೆಬ್ಬಾಳದಲ್ಲಿ ಕ್ಯಾಂಪಸ್ ಇರುವ ಇದೇ ಇನ್ಫೊಸಿಸ್‌ಗೆ ಮುಂಬೈಯ ಷೇರುಪೇಟೆ ಎನ್‌ಎಸ್‌ಇಯಲ್ಲೂ ನ್ಯೂಯಾರ್ಕಿನಲ್ಲೂ ಚಿಕ್ಕ ಹೆಸರು ಒಂದೇ. ಆದರೆ ಮೂಲ ಷೇರಿನ ಬದಲು ಅಲ್ಲಿ ಮಾರಾಟವಾಗುವ ರಸೀದಿ, ಅಂದರೆ ಎಡಿಆರ್‌ನ ಐಸಿನ್ ಯುಎಸ್ ಅಂತ ಶುರುವಾಗುತ್ತದೆ. ರೂಪಾಯಿ ಬೆಲೆ ಯಾವುದು, ಡಾಲರ್ ಬೆಲೆ ಯಾವುದು ಅಂತ ಗೊಂದಲವೇ ಇರುವುದಿಲ್ಲ.

ಹಾಗಂತ ಐಸಿನ್ ಯಾವತ್ತೂ ಬದಲಾಗುವುದೇ ಇಲ್ಲ ಅಂತಲ್ಲ. ಮುಖಬೆಲೆ ಒಡೆದರೆ ಹೊಸದು ಬರುತ್ತದೆ. 2019ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ 2 ರೂಪಾಯಿಯ ಷೇರನ್ನು 1 ರೂಪಾಯಿಗೆ ಒಡೆದಾಗ ಕೊನೆಯ 026 ಹೋಗಿ 034 ಆಯಿತು. ಹಳೇ ಕಾಗದ ಇಟ್ಟುಕೊಂಡವರಿಗೆ ಅದನ್ನೂ ಯಾರಾದರೂ ಹೇಳಬೇಕು. ಪತ್ರಿಕೆ ಬಿಟ್ಟರೆ ಇನ್ಯಾರು?

ಜಾಗ ಇಲ್ಲ ಅನ್ನಬೇಡಿ. 12 ರಾಶಿಗೆ ದಿನಾ ಅರ್ಧ ಪುಟ ಕೊಡುತ್ತೀರಿ, ಇದು ಬರೀ 12 ಅಕ್ಷರ. ಅಚ್ಚಿನಲ್ಲಿ ತಪ್ಪಾದರೂ ಯೋಚನೆ ಬೇಡ. ಮಂಡ್ಯದಲ್ಲಿ ಮೇಷ್ಟ್ರೊಬ್ಬರು ಈಗ ಕಂಡ ಕಂಡ ನಂಬರನ್ನೆಲ್ಲ ಕೂಡಿ ನೋಡುತ್ತಿದ್ದಾರೆ, ಬೆಳಗ್ಗೆ ಏಳಕ್ಕೇ ನಿಮಗೆ ಫೋನ್ ಬರುತ್ತದೆ.

ಇಂತಿ,
ನಿಮ್ಮ ಓದುಗ,
ಕುವೆಂಪುನಗರ, ಮೈಸೂರು