ಹತ್ತಿಗೆ ಒಂದು ತಾರೀಖು ಕೊಡಿಸಿ: ವಾಣಿಜ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾಣಿಜ್ಯ ಸಚಿವರಿಗೆ,

ನಮಸ್ಕಾರ. ನಾನು ರಾಯಚೂರು ಕಡೆಯ ಹತ್ತಿ ಬೆಳೆಗಾರ. ಆಫ್ರಿಕಾದ ಹತ್ತಿ ರೈತರ ವಿಷಯವಾಗಿ ಬರೆಯುತ್ತಿದ್ದೇನೆ. ಇವನಿಗ್ಯಾಕೆ ಊರ ಉಸಾಬರಿ ಅಂತ ನಿಮ್ಮ ಕಚೇರಿಯವರು ನಗಬಹುದು. ನಗಲಿ. ನ್ಯೂಯಾರ್ಕಿನ ವಾಯಿದೆ ಪೇಟೆಯಲ್ಲಿ ಬೆಲೆ ಬಿದ್ದರೆ ಮಾಲಿಯ ರೈತನಿಗೂ ಪೆಟ್ಟು, ನಮಗೂ ಪೆಟ್ಟು.

ಬೆನಿನ್, ಬುರ್ಕಿನಾ ಫಾಸೊ, ಮಾಲಿ, ಚಾಡ್. ಈ ನಾಲ್ಕು ದೇಶಗಳು 2003ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲು ತಟ್ಟಿದವು. ಬುರ್ಕಿನಾ ಫಾಸೊ ಅಧ್ಯಕ್ಷರೇ ಆ ಸಂಸ್ಥೆಯ ಕಚೇರಿ ಇರುವ ಜಿನೀವಾಕ್ಕೆ ಹೋಗಿ ಮಾತಾಡಿದರು. ಕೇಳಿದ್ದು ಇಷ್ಟೇ: ಶ್ರೀಮಂತ ದೇಶಗಳು ತಮ್ಮ ಹತ್ತಿಗೆ ಕೊಟ್ಟು ಜಗತ್ತಿನ ಬೆಲೆ ಬೀಳಿಸುವ ಸಬ್ಸಿಡಿ ನಿಲ್ಲಿಸಲಿ, ನಿಲ್ಲಿಸುವವರೆಗೆ ನಮ್ಮ ನಷ್ಟ ತುಂಬಿಕೊಡಲಿ. ಆಗ ಅಮೆರಿಕದಲ್ಲಿ ಹತ್ತಿ ಬೆಳೆಯುತ್ತಿದ್ದವರು ಸುಮಾರು 25 ಸಾವಿರ ರೈತರು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಹತ್ತಿಯನ್ನೇ ನಂಬಿದವರು ಒಂದು ಕೋಟಿಗೂ ಜಾಸ್ತಿ ಜನ.

ಅದೇ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋದ ಕ್ಯಾಂಕೂನ್ ಊರಲ್ಲಿ ಆ ಸಂಸ್ಥೆಯ ಸಚಿವರ ಸಭೆ ನಡೆಯಿತು. ಅಲ್ಲಿ ಹಂಚಿದ ಕರಡು ಓದಿದರೆ ಇವತ್ತಿಗೂ ಮೈ ಉರಿಯುತ್ತದೆ. ಸಬ್ಸಿಡಿ ನಿಲ್ಲಿಸುತ್ತೇವೆ ಅನ್ನುವ ಮಾತೇ ಇಲ್ಲ. ಈ ದೇಶಗಳು ಹತ್ತಿ ಬಿಟ್ಟು ಬೇರೆ ದಾರಿ ನೋಡಿಕೊಳ್ಳಲು ನೆರವು ಕೊಡಿಸೋಣ ಅಂತ ಇತ್ತು! ಕಳ್ಳನ ಮೇಲೆ ದೂರು ಕೊಡಲು ಹೋದವನಿಗೆ ಮನೆ ಖಾಲಿ ಮಾಡು ಅಂದ ಹಾಗಾಯಿತು, ಅಲ್ವಾ?

ಈ ಉಪದೇಶ ನನಗೂ ಹೊಸದಲ್ಲ. ಕಳೆದ ಹಂಗಾಮಿನಲ್ಲಿ ಕಾಯಿ ಒಡೆಯುವ ಹೊತ್ತಿಗೆ ಮಳೆ ಹಿಡಿಯಿತು. ಬಿಡಿಸಲು ಆಳು ಸಿಗಲಿಲ್ಲ. ಸಿಕ್ಕವರಿಗೆ ಕೇಳಿದಷ್ಟು ಕೂಲಿ ಕೊಟ್ಟೆ. ಅಂಗಳದಲ್ಲಿ ಹರವಿ ಒಣಗಿಸಿ, ಬಾಡಿಗೆ ಗಾಡಿಯಲ್ಲಿ ಅಂಡಿಗೆ ಹೇರಿಕೊಂಡು ಖರೀದಿ ಕೇಂದ್ರಕ್ಕೆ ಹೋದೆ. ತೇವಾಂಶ 12% ದಾಟಿದೆ ಅಂತ ವಾಪಸ್ ಕಳಿಸಿದರು. ಗಾಡಿಯವನು ಬಾಡಿಗೆಗೆ ಕಾಯುತ್ತಿದ್ದ. ಉದ್ದ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 8,110 ರೂಪಾಯಿ ಬೆಂಬಲ ಬೆಲೆ ಅಂತ ಬೋರ್ಡು ಅಲ್ಲೇ ನೇತಾಡುತ್ತಿತ್ತು. ಅದನ್ನು ನೋಡಿಕೊಂಡೇ ಖಾಸಗಿ ವ್ಯಾಪಾರಿಗೆ ಸಾವಿರಕ್ಕೂ ಜಾಸ್ತಿ ಕಮ್ಮಿಗೆ ಕೊಟ್ಟು ಬಂದೆ. 'ಹತ್ತಿ ಯಾಕೆ ಹಾಕ್ತೀರಿ, ತೊಗರಿ ಹಾಕಿ' ಅಂದ ಅಲ್ಲಿದ್ದ ಒಬ್ಬ ಪುಣ್ಯಾತ್ಮ.

ತಮಾಷೆ ಕೇಳಿ. ನಮ್ಮ ಹತ್ತಿ ಬೆಂಬಲ ಬೆಲೆ ವಿಶ್ವ ವ್ಯಾಪಾರ ಸಂಸ್ಥೆ ಹಾಕಿದ ಮಿತಿ ಮೀರಿದೆ ಅಂತ ಅಮೆರಿಕ 2018ರಲ್ಲಿ ಜಿನೀವಾದಲ್ಲಿ ಲೆಕ್ಕ ಮಂಡಿಸಿತು. ನನ್ನ ಕೈಗೇ ಬರದ ಬೆಲೆಯಿಂದ ಜಗತ್ತಿನ ಪೇಟೆ ಕೆಟ್ಟಿತಂತೆ!

ನಿಯಮಗಳು ನಿಮಗೆ ಗೊತ್ತೇ ಇವೆ, ನಾನು ಹೇಳಬೇಕಿಲ್ಲ. 2005ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅದೇ ಸಂಸ್ಥೆಯ ಸಭೆ ಸೇರಿ ಏನು ಒಪ್ಪಿದರು? ಬೇರೆ ಬೆಳೆಗಳಿಗಿಂತ ಹತ್ತಿಯ ಸಬ್ಸಿಡಿಯನ್ನು ಜಾಸ್ತಿ ಮತ್ತು ಬೇಗ ಇಳಿಸುತ್ತೇವೆ ಅಂತ. ರಫ್ತು ಸಬ್ಸಿಡಿ ಹೋಯಿತು, ಸರಿ. ದೇಶದೊಳಗೆ ತಮ್ಮ ರೈತರಿಗೆ ಕೊಡುವ ಸಬ್ಸಿಡಿ? 2025ರ ಹೊಸ ಕಾನೂನಿನಲ್ಲಿ ಅಮೆರಿಕ ತನ್ನ ಬೀಜಸಹಿತ ಹತ್ತಿಯ ಆಧಾರ ಬೆಲೆಯನ್ನು (ಪೇಟೆ ಬೆಲೆ ಇದಕ್ಕಿಂತ ಇಳಿದರೆ ಸರ್ಕಾರ ರೈತರಿಗೆ ಹಣ ಕೊಡುತ್ತದೆ) ಪೌಂಡಿಗೆ 36.7 ಸೆಂಟ್‌ನಿಂದ 42 ಸೆಂಟ್‌ಗೆ ಏರಿಸಿಕೊಂಡಿದೆ. ಇಳಿಸುವುದು ಅಂದರೆ ಇದೇ ಇರಬೇಕು.

ಕೇಸು ಹಾಕಿದವರ ಕಥೆಯೂ ಇದೆ. ಅಮೆರಿಕದ ಹತ್ತಿ ಸಬ್ಸಿಡಿ ವಿರುದ್ಧ ಜಿನೀವಾದಲ್ಲಿ ಹಾಕಿದ ಕೇಸನ್ನು ಬ್ರೆಜಿಲ್ ಗೆದ್ದಿತು. ಅಮೆರಿಕ ಬ್ರೆಜಿಲ್‌ನ ಹತ್ತಿ ವಲಯಕ್ಕೆ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು. 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವಿವಾದ ಮುಗಿಸಿತು. ಬೆನಿನ್ ಮತ್ತು ಚಾಡ್ ಅದೇ ಕೇಸಿನಲ್ಲಿ ಮೂರನೇ ಪಕ್ಷವಾಗಿ ಕೂತಿದ್ದವು. ಅವುಗಳ ರೈತರಿಗೆ ಅದರಲ್ಲಿ ಒಂದು ಡಾಲರೂ ಇಲ್ಲ. 2020ರಲ್ಲಿ ಬೆಲೆ ಕುಸಿದು, ಗೊಬ್ಬರದ ಸಬ್ಸಿಡಿಯೂ ನಿಂತಾಗ ಮಾಲಿಯ ಎಷ್ಟೋ ರೈತರು ಹತ್ತಿ ಬಿತ್ತಲೇ ಇಲ್ಲ. ಸುಮಾರು 7 ಲಕ್ಷ ಟನ್ ಇದ್ದ ಬೆಳೆ ಒಂದೂವರೆ ಲಕ್ಷಕ್ಕಿಂತ ಕೆಳಗೆ ಬಂತು.

ನಾವು ಮಾಡಿದ್ದೇನು? ಬಡ ದೇಶಗಳ ಹತ್ತಿಗೆ ಸುಂಕದ ರಿಯಾಯಿತಿ ಅಂತ 2008ರಲ್ಲಿ ಆಫ್ರಿಕಾದವರನ್ನು ಕರೆಸಿ ಘೋಷಿಸಿದೆವು. ಚಪ್ಪಾಳೆ ಬಿತ್ತು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿಗೆ 50% ಸುಂಕ ಹಾಕಿತು. ನೀವು ಅದೇ ತಿಂಗಳು ಎಲ್ಲರ ಹತ್ತಿಯ ಮೇಲಿದ್ದ 11% ಆಮದು ಸುಂಕವನ್ನು ತೆಗೆದು, ಡಿಸೆಂಬರ್ ಕೊನೆಯವರೆಗೂ ಹಾಗೇ ಇಟ್ಟಿರಿ. ನಮ್ಮ ಹತ್ತಿ ಪೇಟೆಗೆ ಬರುವ ತಿಂಗಳುಗಳೇ ಅವು. ಸಬ್ಸಿಡಿ ತಿಂದು ಬೆಳೆದ ಹತ್ತಿಗೂ ಬೆನಿನ್‌ನಲ್ಲಿ ಕೈಯಿಂದ ಬಿಡಿಸಿದ ಹತ್ತಿಗೂ ಒಂದೇ ಬಾಗಿಲು. ಆಫ್ರಿಕಾದವರಿಗೆ ಇದ್ದ ಚೂರು ಅನುಕೂಲವೂ ಹೋಯಿತು, ನಮ್ಮ ರಕ್ಷಣೆಯೂ ಹೋಯಿತು. ಒಂದೇ ಆದೇಶದಲ್ಲಿ ಎರಡು ಕೆಲಸ, ಅಭಿನಂದನೆಗಳು.

ಸ್ವಾಮಿ, ನಾನು ಕೇಳುವುದು ಒಂದೇ. ಜಿನೀವಾದಲ್ಲಿ ಆ ನಾಲ್ಕು ದೇಶಗಳ ಪಕ್ಕ ಕೂತು ಹತ್ತಿಗೆ ತಾರೀಖು ಕೇಳಿ. ಅಮೆರಿಕದ ಸಬ್ಸಿಡಿ ಯಾವ ವರ್ಷ ಎಷ್ಟು ಇಳಿಯುತ್ತದೆ, ಯಾವ ವರ್ಷ ನಿಲ್ಲುತ್ತದೆ, ಬರೆದು ಕೊಡಲಿ. ಪ್ರತಿ ಅಕ್ಟೋಬರ್ 7ಕ್ಕೆ ವಿಶ್ವ ಹತ್ತಿ ದಿನ ಅಂತ ಭಾಷಣ ಮಾಡುತ್ತಾರಲ್ಲ, ಆ ತಾರೀಖು ಬೇಡ. ಸಬ್ಸಿಡಿ ನಿಲ್ಲುವ ತಾರೀಖು ಬೇಕು. ಅದು ಸಿಗುವವರೆಗೆ ಬೇರೆ ಯಾವ ಒಪ್ಪಂದಕ್ಕೂ ಸುಮ್ನೆ ತಲೆಯಾಡಿಸಬೇಡಿ.

ಉತ್ತರ ಬರೆಯುವುದಾದರೆ 'ನಿಮ್ಮ ಅರ್ಜಿಯನ್ನು ಕೃಷಿ ಇಲಾಖೆಗೆ ಕಳಿಸಲಾಗಿದೆ' ಅಂತ ಮಾತ್ರ ಬರೆಯಬೇಡಿ. ಜಿನೀವಾದಲ್ಲಿ ಕೂರುವವರು ನಿಮ್ಮ ಇಲಾಖೆಯವರೇ.

ಇತಿ,
ಒಬ್ಬ ಹತ್ತಿ ಬೆಳೆಗಾರ
ರಾಯಚೂರು ಜಿಲ್ಲೆ