ಕರೆಂಟು ಹೋದರೆ ನಮ್ಮೂರ ಟವರೂ ಹೋಗುತ್ತದೆ

ಸಂಪಾದಕರಿಗೆ ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಒಂದೂವರೆ ಎಕರೆ ಅಡಿಕೆ ತೋಟ, ಎರಡು ದನ, ನಾನು ಮತ್ತು ನಮ್ಮ ಯಜಮಾನರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ನಮ್ಮ ಕೇರಿಯ ಒಂಬತ್ತು ಮನೆಗಳಲ್ಲಿ ಆರು ಮನೆಯ ಕಥೆ ಇದೇ. ಊರಲ್ಲಿ ಉಳಿದವರು ಅರವತ್ತು ದಾಟಿದವರೇ.

ನಮ್ಮ ಊರಿಗೆ ಮೊಬೈಲ್ ಟವರ್ ಬಂದು ನಾಲ್ಕು ವರ್ಷವಾಯಿತು. ಅದಕ್ಕೆ ಮೊದಲು, ಲಾಕ್‌ಡೌನ್ ಕಾಲದಲ್ಲಿ, ಕಾಲೇಜು ಮಕ್ಕಳು ಗುಡ್ಡದ ನೆತ್ತಿಯಲ್ಲಿ ಛತ್ರಿ ಹಿಡಿದು ಕೂತು ಪಾಠ ಕೇಳಿದ್ದನ್ನು ನಾನೇ ನೋಡಿದ್ದೇನೆ. ಉಂಬಳ ಕಚ್ಚಿ ಕಾಲೆಲ್ಲ ರಕ್ತ ಮಾಡಿಕೊಂಡು ಇಳಿದು ಬರುತ್ತಿದ್ದರು. ಹಾಗಾಗಿ ಟವರ್ ಬಂದಾಗ ಎಲ್ಲರಿಗೂ ತುಂಬಾ ಖುಷಿಯಾಯಿತು. ಆ ಖುಷಿ ಮೊದಲ ಮಳೆಗಾಲದವರೆಗೆ ಇತ್ತು.

ಮಲೆನಾಡಿನ ಮಳೆ ನಿಮಗೂ ಗೊತ್ತು. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದಾದ ಹುಲಿಕಲ್ ನಮ್ಮ ತಾಲ್ಲೂಕಿನಲ್ಲೇ ಇದೆ. ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟು ಎರಡು ದಿನ ಇಲ್ಲ. ಇದಕ್ಕೆ ಲೈನ್‌ಮ್ಯಾನ್‌ಗಳನ್ನು ನಾನು ದೂರುವುದಿಲ್ಲ. ಆ ಗಾಳಿಮಳೆಯಲ್ಲಿ ಕಾಡೊಳಗೆ ಕಂಬ ಹತ್ತುವ ಹುಡುಗರ ಕಷ್ಟ ದೊಡ್ಡದು. ನನ್ನ ದೂರು ಬೇರೆ. ಕರೆಂಟು ಹೋದ ನಲವತ್ತು ನಿಮಿಷಕ್ಕೆ ನಮ್ಮ ಟವರೂ ಹೋಗುತ್ತದೆ. ನಾನು ಗಡಿಯಾರ ನೋಡಿ ಬರೆದಿಟ್ಟಿದ್ದೇನೆ. ಹೋದ ಜುಲೈ ಒಂದೇ ತಿಂಗಳಲ್ಲಿ ಹದಿನಾಲ್ಕು ದಿನ, ಪೂರ್ತಿಯೋ ಅರ್ಧವೋ, ಫೋನ್ ಇರಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ, ಫೋನಿನಲ್ಲಿ ಚಾರ್ಜ್ ಇದೆ, ರೀಚಾರ್ಜ್ ಕೂಡ ಮಾಡಿಸಿದ್ದೇವೆ. ಟವರ್‌ಗೆ ಮಾತ್ರ ಜೀವ ಇಲ್ಲ.

ಹೋದ ವರ್ಷ ಪುನರ್ವಸು ಮಳೆ ಹಿಡಿದಿತ್ತು. ಕರೆಂಟು ಹೋಗಿ ಮೂರನೇ ರಾತ್ರಿ. ಹನ್ನೊಂದು ಗಂಟೆ ಹೊತ್ತಿಗೆ ಕೆಳಮನೆಯ ಅಜ್ಜಿ ಬ್ಯಾಟರಿ ಹಿಡಿದುಕೊಂಡು ಓಡಿ ಬಂದರು. ಅಜ್ಜನ ಬಾಯಿ ಸೊಟ್ಟಗಾಗಿದೆ, ಬಲಗೈ ಎತ್ತಲು ಆಗುತ್ತಿಲ್ಲ ಎಂದರು. ನೋಡಿದ ಕೂಡಲೇ ಪಾರ್ಶ್ವವಾಯು ಅಂತ ಗೊತ್ತಾಯಿತು. ಫೋನ್ ಮಾಡೋಣವೆಂದರೆ ಒಂದು ಕಡ್ಡಿ ಸಿಗ್ನಲ್ ಇಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗ ಆ ಮಳೆಯಲ್ಲಿ ಬೈಕ್ ತೆಗೆದುಕೊಂಡು ಏಳು ಕಿಲೋಮೀಟರ್ ಹೋಗಿ, ಘಟ್ಟದ ತಿರುವಿನಲ್ಲಿ ಸಿಗ್ನಲ್ ಸಿಕ್ಕಿದ ಮೇಲೆ 108ಕ್ಕೆ ಫೋನ್ ಮಾಡಿದ. ಆಂಬುಲೆನ್ಸ್ ಬಂದು, ಅಜ್ಜನನ್ನು ಶಿವಮೊಗ್ಗಕ್ಕೆ ಮುಟ್ಟಿಸುವಾಗ ಬೆಳಗಾಗಿತ್ತು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕಂತೆ. ಡಾಕ್ಟರು ಹಾಗೆ ಹೇಳಿದಾಗ ಆ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವನ ತಪ್ಪೇನಿತ್ತು? ಅಜ್ಜ ಈಗ ಎಡಗೈಯಲ್ಲಿ ಊಟ ಮಾಡುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಓದಿದವರಿಗೆ ಉಪಯೋಗವಾಗಲಿ. ನಮ್ಮ ಮನೆಯ ಮೇಲಿನ ಧರೆ ಹತ್ತಿದರೆ ಇನ್ನೊಂದು ಕಂಪನಿಯ ಸಿಗ್ನಲ್ ಸಣ್ಣಗೆ ಸಿಗುತ್ತದೆ. ನಮ್ಮ ಸಿಮ್ ಅವರದಲ್ಲ, ಹಾಗಾಗಿ ಫೋನಿನಲ್ಲಿ 'ತುರ್ತು ಕರೆ ಮಾತ್ರ' ಎಂದು ಬರುತ್ತದೆ. ಹಾಗೆ ಬಂದಾಗ 112 ಒತ್ತಿದರೆ ಬೇರೆ ಕಂಪನಿಯ ಟವರ್ ಮೂಲಕವೂ ಕರೆ ಹೋಗುತ್ತದೆ. ಇದು ನನಗೆ ಆಮೇಲೆ ತಿಳಿಯಿತು. ಆ ರಾತ್ರಿಯೇ ಗೊತ್ತಿದ್ದರೆ ಅಂತ ಎಷ್ಟು ಸಲ ಅನ್ನಿಸಿದೆಯೋ.

ಮರುವಾರ ಟವರ್ ನೋಡಿಕೊಳ್ಳುವ ಹುಡುಗ ಬಂದಿದ್ದ. ವಿಚಾರಿಸಿದೆ. "ಬ್ಯಾಟರಿ ಸತ್ತು ಹೋಗಿದೆ ಅಮ್ಮ, ಹೊಸದಕ್ಕೆ ಬರೆದಿದ್ದೇವೆ. ಜನರೇಟರಿನ ಡೀಸೆಲ್‌ಗೂ ದುಡ್ಡು ಬಂದಿಲ್ಲ" ಎಂದ. ಕಂಪನಿಗೆ ದೂರು ಕೊಟ್ಟೆ, ದೂರಿನ ನಂಬರ್ ಬಂತು. ನಾಲ್ಕನೇ ದಿನ 'ನಿಮ್ಮ ದೂರು ಬಗೆಹರಿದಿದೆ' ಎಂಬ ಮೆಸೇಜೂ ಬಂತು. ಬಗೆಹರಿದದ್ದು ಏನು? ಅಷ್ಟರಲ್ಲಿ ಕರೆಂಟು ಬಂದಿತ್ತು, ಅಷ್ಟೇ.

ಇದು ಆಗದ ಕೆಲಸವೇನಲ್ಲ. ಮೊದಲು ನಮ್ಮ ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. ಮೂರು ದಿನ ಕರೆಂಟು ಇಲ್ಲದಿದ್ದರೂ ಅದು ರಿಂಗಾಗುತ್ತಿತ್ತು. ಆ ಫೋನಿಗೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರುತ್ತಿತ್ತು, 48 ವೋಲ್ಟ್. ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಬ್ಯಾಟರಿಗಳಿದ್ದವು. ನಾಲ್ಕನೇ ತರಗತಿ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. ಹಳ್ಳಿಗೆಂದೇ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆಯವರು ಮಾಡಿದ 128 ಲೈನಿನ ಪುಟ್ಟ ಎಕ್ಸ್‌ಚೇಂಜ್ ಮೊದಲು ಶುರುವಾಗಿದ್ದು ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ. ಎ.ಸಿ. ಬೇಡ, ಧೂಳು, ಸೆಕೆ ತಡೆಯಬೇಕು ಅಂತ ಹಳ್ಳಿಯ ಸ್ಥಿತಿ ನೋಡಿ ಮಾಡಿದ ಯಂತ್ರ ಅದು. ನಮ್ಮ ಈಗಿನ ಟವರ್‌ಗೂ ಯಾರಾದರೂ ಹಾಗೆ ಮಳೆಗಾಲದ ಮಲೆನಾಡು ನೋಡಿ ಯೋಚನೆ ಮಾಡಬೇಕಿತ್ತು ಅಲ್ವಾ?

ಸೀಸದ ಬ್ಯಾಟರಿ ನಮ್ಮ ಮಳೆಗೆ ಸರಿಹೋಗುವುದಿಲ್ಲ. ಮನೆಯ ಇನ್ವರ್ಟರ್ ನೋಡಿ ನನಗೇ ಗೊತ್ತು. ಅದು ಪೂರ್ತಿ ತುಂಬಲು ಎಂಟು ಹತ್ತು ಗಂಟೆ ಕರೆಂಟು ಬೇಕು. ನಮಗೆ ಕರೆಂಟು ಬರುವುದು ಗಂಟೆ ಹೊತ್ತು, ಮತ್ತೆ ಹೋಗುತ್ತದೆ. ಪದೇ ಪದೇ ಪೂರ್ತಿ ಖಾಲಿಯಾದರೆ ಅದು ಬೇಗ ಸಾಯುತ್ತದೆ. ಲಿಥಿಯಂ ಬ್ಯಾಟರಿ ಬೇಗ ತುಂಬುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಬೆಲೆ ಜಾಸ್ತಿ, ನಿಜ. ಆದರೆ ದುಡ್ಡಿಗೆ ದಾರಿ ಇಲ್ಲವೆಂದಲ್ಲ. ಹಳ್ಳಿಗಳ ಸಂಪರ್ಕಕ್ಕೆಂದೇ ಡಿಜಿಟಲ್ ಭಾರತ್ ನಿಧಿ ಇದೆ. ಫೋನ್ ಕಂಪನಿಗಳು ತಮ್ಮ ಆದಾಯದಲ್ಲಿ 5% ಅದಕ್ಕೆ ಕಟ್ಟುತ್ತವೆ. ಆ ಆದಾಯದಲ್ಲಿ ನಮ್ಮ ರೀಚಾರ್ಜ್ ದುಡ್ಡೂ ಸೇರಿದೆ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸರ್ಕಾರ 2022ರಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಎಷ್ಟು ಟವರ್ ನಿಲ್ಲಿಸಿದೆವು ಎಂಬುದರ ಜೊತೆಗೆ, ಜುಲೈ ತಿಂಗಳಲ್ಲಿ ಯಾವ ಟವರ್ ಎಷ್ಟು ಗಂಟೆ ಕೆಲಸ ಮಾಡಿತು ಎಂದೂ ಲೆಕ್ಕ ಕೊಡಲಿ. ಗ್ರಾಮ ಪಂಚಾಯಿತಿಯ ಬೋರ್ಡಿನಲ್ಲಿ ಹಾಕಲಿ. ನಮ್ಮ ಊರಿನದನ್ನು ನಾನು ನನ್ನ ಪುಸ್ತಕದ ಜೊತೆ ತಾಳೆ ನೋಡುತ್ತೇನೆ.

ನಿಯಮವೂ ನಮ್ಮಂಥವರ ಕೈ ಹಿಡಿಯುತ್ತಿಲ್ಲ. ಫೋನ್ ಕಂಪನಿಗಳಿಗೆ ನಿಯಮ ಹಾಕುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರಲ್ಲಿ ಹೊಸ ನಿಯಮ ಮಾಡಿತು. ಒಂದು ಜಿಲ್ಲೆಯಲ್ಲಿ ಸೇವೆ 24 ಗಂಟೆಗಿಂತ ಜಾಸ್ತಿ ನಿಂತುಹೋದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್‌ನವರಿಗೆ ಅಷ್ಟು ದಿನದ ವ್ಯಾಲಿಡಿಟಿ ಜಾಸ್ತಿ ಕೊಡಬೇಕು. ಓದಿದಾಗ ಸಂತೋಷವಾಯಿತು. ಆಮೇಲೆ 'ಜಿಲ್ಲೆ' ಎಂಬ ಪದದ ಮೇಲೆ ಕಣ್ಣು ನಿಂತಿತು. ಶಿವಮೊಗ್ಗ, ಭದ್ರಾವತಿಯಲ್ಲಿ ಫೋನ್ ಚೆನ್ನಾಗಿಯೇ ಇರುತ್ತದೆ. ನಮ್ಮ ಕಣಿವೆಯ ನಾನೂರು ಜನ ಐದು ದಿನ ಕತ್ತಲಲ್ಲಿದ್ದರೂ ಜಿಲ್ಲೆಯ ಸೇವೆ ನಿಂತಂತೆ ಆಗುವುದಿಲ್ಲ. ಈ ಲೆಕ್ಕ ಟವರ್‌ವಾರು ಆಗಬೇಕು.

ಇನ್ನೊಂದು ದಾರಿ ಸರ್ಕಾರದ ಕೈಯಲ್ಲೇ ಇದೆ. 2023ರ ಜೂನ್‌ನಲ್ಲಿ ಗುಜರಾತಿಗೆ ಬಿಪರ್‌ಜಾಯ್ ಚಂಡಮಾರುತ ಬಂದಾಗ, ಯಾವ ಕಂಪನಿಯ ಸಿಮ್ ಆದರೂ ಸಿಕ್ಕಿದ ಟವರ್ ಹಿಡಿದು ಮಾತಾಡಬಹುದು ಎಂದು ದೂರಸಂಪರ್ಕ ಇಲಾಖೆ ವ್ಯವಸ್ಥೆ ಮಾಡಿತ್ತು. ಮಲೆನಾಡಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನೇ ಮಾಡಲಿ. ನಮ್ಮ ಧರೆಯ ಮೇಲಿನ ಆ ಸಣ್ಣ ಸಿಗ್ನಲ್ ಆಗ ಎಲ್ಲಾ ಕರೆಗೂ ಆಗುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡಲು ನೆನೆದುಕೊಂಡು ಕಾದು, ನೆಟ್‌ವರ್ಕ್ ಇಲ್ಲ ಅಂತ ಸುಮ್ನೆ ವಾಪಸ್ ಬರುವ ಹೆಂಗಸರಿಗೂ ಉಪಕಾರವಾಗುತ್ತದೆ.

ಆರಿದ್ರಾ ಮಳೆಗೆ ಇನ್ನು ಮೂರು ವಾರ ಇದೆ. ಈ ಪತ್ರ ಬರೆಯುವ ಮೊದಲು ಟವರ್ ಹತ್ತಿರ ಹೋಗಿ ಬಂದೆ. ಹೊಸ ಬ್ಯಾಟರಿ ಇನ್ನೂ ಬಂದಿಲ್ಲ. ಜನರೇಟರ್ ಮೇಲೆ ಬಳ್ಳಿ ಹಬ್ಬಿದೆ. ನಮ್ಮ ಸಂಸದರು, ಶಾಸಕರು, ಜಿಲ್ಲಾಧಿಕಾರಿಗಳು ಈ ಮೂರು ವಾರದಲ್ಲಿ ಕಂಪನಿಗಳವರನ್ನು ಕೂರಿಸಿಕೊಂಡು ಬ್ಯಾಟರಿ ವಿಚಾರ ಒಂದನ್ನಾದರೂ ಕೇಳಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕರೆಂಟು ಹೋದ ಹೊತ್ತು, ಟವರ್ ಹೋದ ಹೊತ್ತು ಬರೆದಿಟ್ಟ ಪುಸ್ತಕ ನನ್ನ ಹತ್ತಿರ ಇದೆ. ಬೇಕೆಂದವರಿಗೆ ಕೊಡುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಹೊಸನಗರ ತಾಲ್ಲೂಕು